ಕಟಕಟೆಯಲ್ಲಿ ನಿಲ್ಲಬೇಕಾದವಳು ಎಲ್ಸಾ ಅಲ್ಲ

ರಿಚರ್ಡ್ ವಾಗ್ನರನ 'ಲೋಹೆನ್‌ಗ್ರಿನ್' ಒಪೆರಾದ ಬಗ್ಗೆ ಯಾವ ಪರಿಚಯ ಬರಹ ಓದಿದರೂ ತೀರ್ಪು ಹೆಚ್ಚುಕಡಿಮೆ ಒಂದೇ. ಹಂಸ ಎಳೆದ ದೋಣಿಯಲ್ಲಿ ಬಂದ ಬೆಳ್ಳಿ ಕವಚದ ವೀರ ಎಲ್ಸಾಳ ಪ್ರಾಣ ಉಳಿಸಿದ, ಮಾನ ಉಳಿಸಿದ, ಕೈ ಹಿಡಿದ. ಬದಲಿಗೆ ಬೇಡಿದ್ದು ಒಂದೇ ಮಾತು: ನನ್ನ ಹೆಸರು, ಕುಲ, ಬಂದ ಊರು ಕೇಳಬೇಡ. ಮದುವೆಯ ರಾತ್ರಿಯೇ ಆಕೆ ಕೇಳಿಬಿಟ್ಟಳು. ವೀರ ಹೊರಟುಹೋದ, ಆಕೆ ಸತ್ತಳು. ಹಾಗಾಗಿ ಇದು ನಂಬಿಕೆಗೆಟ್ಟ ಹೆಣ್ಣಿನ ದುರಂತ, ದೈವಿಕ ಪ್ರೇಮವನ್ನು ಸಂಶಯ ಕೊಂದ ಕಥೆ. ಒಂದೂವರೆ ಶತಮಾನದಿಂದ ಇದನ್ನು ಎಷ್ಟು ಸಲೀಸಾಗಿ ಹೇಳಿಕೊಂಡು ಬಂದಿದ್ದಾರೆಂದರೆ, ಒಪೆರಾ ನೋಡದವರಿಗೂ ಎಲ್ಸಾ ತಪ್ಪಿತಸ್ಥೆ ಎಂಬುದು ಗೊತ್ತು. ನೋಡಿದವರೂ ಅದನ್ನೇ ಹೇಳುತ್ತಾರಲ್ಲ, ಅದು ಸೋಜಿಗ. ವಾಗ್ನರ್ ಬರೆದ ಪದ್ಯವನ್ನೂ ಕೂಡಿಸಿದ ಸಂಗೀತವನ್ನೂ ಕಿವಿಗೊಟ್ಟು ಕೇಳಿದರೆ ಈ ತೀರ್ಪಿಗೆ ಆಧಾರವೇ ಸಿಗುವುದಿಲ್ಲ.

ಮೊದಲು ಆ ವಚನದ ವಿಷಯ. 'ಮಾತು ಕೊಟ್ಟಿದ್ದಳು, ತಪ್ಪಿದಳು' ಎನ್ನುವವರು ಆ ಮಾತನ್ನು ಎಲ್ಲಿ, ಯಾವ ಸ್ಥಿತಿಯಲ್ಲಿ ಪಡೆಯಲಾಯಿತು ಎಂಬುದನ್ನು ಹೇಳುವುದೇ ಇಲ್ಲ. ಹತ್ತನೇ ಶತಮಾನ, ಆಂಟ್‌ವರ್ಪ್ ಬಳಿ ಶೆಲ್ಡೆ ನದಿಯ ದಂಡೆ. ಹಂಗೇರಿಯನ್ನರ ಮೇಲೆ ಯುದ್ಧಕ್ಕೆ ಸೈನ್ಯ ಕೂಡಿಸಲು ಜರ್ಮನ್ ದೊರೆ ಹೈನ್ರಿಖ್ ಬ್ರಾಬಾಂಟಿಗೆ ಬಂದಿದ್ದಾನೆ. ತಮ್ಮ ಗಾಟ್‌ಫ್ರೀಡ್‌ನನ್ನು ಎಲ್ಸಾಳೇ ಕೊಂದಳು ಎಂದು ಅಲ್ಲಿನ ಸಾಮಂತ ಟೆಲ್ರಾಮುಂಡ್ ದೊರೆಯ ಮುಂದೆ ದೂರು ಕೊಟ್ಟಿದ್ದಾನೆ. ಬ್ರಾಬಾಂಟನ್ನು ಆಳುತ್ತಿದ್ದ ತಂದೆ ಇಲ್ಲ, ತಮ್ಮ ಕಾಣೆಯಾಗಿದ್ದಾನೆ, ದೂರು ಕೊಟ್ಟವನು ಅದೇ ನೆಲದ ಮೇಲೆ ಕಣ್ಣಿಟ್ಟವನು. ಸಾಕ್ಷಿ ಪುರಾವೆಗಳ ಗೊಡವೆಯಿಲ್ಲದೆ ದ್ವಂದ್ವಯುದ್ಧದಲ್ಲೇ ನ್ಯಾಯ ತೀರಬೇಕು. ಆಕೆಯ ಪರವಾಗಿ ಕತ್ತಿ ಹಿಡಿಯುವವರು ಬನ್ನಿ ಎಂದು ಎರಡು ಸಲ ಕಹಳೆ ಊದಿ ಕೂಗಿದರೂ ಸಭೆಯಲ್ಲಿ ಒಬ್ಬನೂ ಏಳುವುದಿಲ್ಲ. ಆಗ ಬರುತ್ತಾನೆ ಹಂಸದ ವೀರ. ನಿನ್ನ ಪರವಾಗಿ ಹೋರಾಡಲೇ ಎನ್ನುತ್ತಾನೆ, ಗೆದ್ದರೆ ನನ್ನ ಹೆಂಡತಿಯಾಗುವೆಯಾ ಎನ್ನುತ್ತಾನೆ. ಎರಡಕ್ಕೂ ಆಕೆ ಒಪ್ಪಿದ ಮೇಲೆ ಷರತ್ತು ಹಾಕುತ್ತಾನೆ, ಒಂದು ಸಲ ಸಾಲದೆಂದು ಮತ್ತೊಮ್ಮೆ, ಸ್ವರವನ್ನು ಅರ್ಧ ಮೆಟ್ಟಿಲು ಮೇಲೇರಿಸಿ. ಆಕೆ ಹೂಂ ಎಂದ ಮೇಲೆಯೇ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂಬ ಮಾತು ಅವನ ಬಾಯಿಂದ ಹೊರಡುವುದು. ಈ ಕ್ರಮವನ್ನು ಗಮನಿಸಿ: ಮೊದಲು ಕರಾರು, ಆಮೇಲೆ ಪ್ರೀತಿ. ತಲೆಯ ಮೇಲೆ ಕೊಲೆ ಆರೋಪ ತೂಗುತ್ತಿರುವ ಹುಡುಗಿ 'ಒಲ್ಲೆ' ಎನ್ನುವ ಸ್ಥಿತಿಯಲ್ಲಿದ್ದಳೇ? ಯಾವ ನ್ಯಾಯಾಲಯವೂ ಇಂಥ ಒಪ್ಪಿಗೆಯನ್ನು ಸ್ವಇಚ್ಛೆಯ ಒಪ್ಪಿಗೆ ಎನ್ನದು.

ಅದಕ್ಕಿಂತ ದೊಡ್ಡ ಲೆಕ್ಕವೊಂದಿದೆ. ಇಷ್ಟು ಜನ ಇಷ್ಟು ಕಾಲ ಅದನ್ನು ಕಂಡೂ ಕಾಣದಂತೆ ದಾಟಿಹೋಗಿದ್ದಾರೆ. ಕೊನೆಯ ದೃಶ್ಯದಲ್ಲಿ ಲೋಹೆನ್‌ಗ್ರಿನ್ ಹೇಳುತ್ತಾನೆ: ನಾವು ಒಂದು ವರ್ಷ ಜೊತೆಯಾಗಿ ಬಾಳಿದ್ದರೆ ಸಾಕಿತ್ತು, ಸತ್ತನೆಂದು ನೀನು ತಿಳಿದ ನಿನ್ನ ತಮ್ಮ ಗ್ರೇಲ್ ಎಂಬ ಪವಿತ್ರ ಪಾತ್ರೆಯ ಕೃಪೆಯಿಂದ ಮರಳಿ ಬರುತ್ತಿದ್ದ. ಹಂಸವನ್ನು ಬೀಳ್ಕೊಡುವಾಗಲೂ, ಒಂದು ವರ್ಷದ ಸೇವೆ ಮುಗಿದ ಮೇಲೆ ನಿನ್ನನ್ನು ಬೇರೆ ರೂಪದಲ್ಲಿ ಕಾಣುವ ಆಸೆಯಿತ್ತು ಎನ್ನುತ್ತಾನೆ. ಆ ಹಂಸವೇ ಮಾಟಕ್ಕೊಳಗಾದ ಗಾಟ್‌ಫ್ರೀಡ್. ಅಂದರೆ ಅವನು ಬದುಕಿದ್ದಾನೆಂದು ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ. ತಮ್ಮನನ್ನು ಕೊಂದವಳು ಎಂಬ ಆರೋಪ ಹೊತ್ತು ನಿಂತವಳಿಗೆ 'ಅವನು ಸತ್ತಿಲ್ಲ' ಎಂಬ ಒಂದೇ ಮಾತು ಹೇಳಲಿಲ್ಲ. ತಮ್ಮನಿಗಾಗಿ ಅಳುತ್ತಲೇ ಆಕೆ ಮದುವೆಯ ಸಿಂಗಾರಕ್ಕೆ ಸಿದ್ಧಳಾದಳು. ಇಷ್ಟನ್ನು ಮುಚ್ಚಿಟ್ಟವನು ನಂಬಿಕೆಯ ಮೇಲೆ ಪ್ರವಚನ ಕೊಡುತ್ತಾನೆ, ನಂಬದೆ ಹೋದಳೆಂದು ನಾವು ಎಲ್ಸಾಳನ್ನು ಬಯ್ಯುತ್ತೇವೆ!

ಇನ್ನು ಆ ಮದುವೆಯ ರಾತ್ರಿ. ಮೂರನೇ ಅಂಕದ ಎರಡನೇ ದೃಶ್ಯವನ್ನು 'ಹೆಣ್ಣಿನ ಕುತೂಹಲ ಗೆದ್ದ ಗಳಿಗೆ' ಎಂದು ಕರೆಯುವವರು ಅದನ್ನು ಕೇಳಿಲ್ಲ ಎಂದೇ ನನ್ನ ಅನುಮಾನ. ಮೆರವಣಿಗೆ ಮುಗಿದಿದೆ, ಹಾಡಿದವರು ಹೊರಗೆ ಹೋಗಿದ್ದಾರೆ. ಇಬ್ಬರೇ ಉಳಿಯುವುದು ಆಗಲೇ, ಮೊಟ್ಟಮೊದಲ ಸಲ. ಅಲ್ಲಿಯತನಕ ಅವರ ಮಾತುಕತೆಯೆಲ್ಲ ದೊರೆ, ಸೈನ್ಯ, ಊರಿನ ಜನರ ಮುಂದೆಯೇ ನಡೆದದ್ದು. ಅವನು ಮೆತ್ತಗೆ ಆಕೆಯ ಹೆಸರು ಹಿಡಿದು ಕರೆಯುತ್ತಾನೆ. ನನ್ನ ಹೆಸರು ನಿನ್ನ ಬಾಯಲ್ಲಿ ಎಷ್ಟು ಇಂಪು, ನಿನ್ನ ಹೆಸರಿನ ಇಂಪನ್ನು ನನಗೂ ಕೊಡಲಾರೆಯಾ ಎನ್ನುತ್ತಾಳೆ ಆಕೆ. ಪ್ರಶ್ನೆ ಹುಟ್ಟುವುದು ಇಲ್ಲಿ. ಸಂಶಯದಲ್ಲಿ ಹುಟ್ಟಿದ ಮಾತೇ ಇದು? ಗಂಡನನ್ನು ಹೆಸರಿಟ್ಟು ಕರೆಯುವ ಆಸೆ, ಅಷ್ಟೇ. ಜಗತ್ತಿನ ಮುಂದೆ ಬೇಡ, ಪ್ರೀತಿಯ ಮೌನದಲ್ಲಿ, ನಾವಿಬ್ಬರೇ ಇರುವಾಗ ಎಂದೂ ಸೇರಿಸುತ್ತಾಳೆ. ಹೆಸರಿನಿಂದ ನಿನಗೇನಾದರೂ ಅಪಾಯವಿದ್ದರೆ ಆ ಗುಟ್ಟನ್ನು ನನ್ನಲ್ಲಿಡು, ಸಾವಿನ ಬೆದರಿಕೆ ಬಂದರೂ ಯಾರೂ ನನ್ನಿಂದ ಕಸಿಯಲಾರರು ಎನ್ನುತ್ತಾಳೆ. ನಂಬಿಕೆ ಕೇಳುತ್ತಿದ್ದವಳು ಇವಳು. ಕೊಡದೆ ಹೋದವನು ಅವನು.

ಅವನು ಕೊಡುವ ಉತ್ತರಗಳನ್ನು ಕೇಳಿ. ಕಿಟಕಿಯ ಬಳಿ ಕರೆದೊಯ್ದು ಹೂವಿನ ಪರಿಮಳ ತೋರಿಸುತ್ತಾನೆ: ಇದು ಎಲ್ಲಿಂದ ಬಂತೆಂದು ಕೇಳದೆಯೇ ಸವಿಯುತ್ತೇವಲ್ಲವೇ? ಸುಂದರ ಹಾಡು ಅದು, ನಿಜ. ಆದರೆ ಪರಿಮಳವನ್ನು ಯಾರೂ ಮದುವೆಯಾಗುವುದಿಲ್ಲ. ಆಮೇಲೆ, ಆಕೆಯನ್ನು ಸಮಾಧಾನಪಡಿಸಲೆಂದೇ, ಅವನು ಇಡೀ ರಾತ್ರಿಯ ಅತಿ ದೊಡ್ಡ ಪ್ರಮಾದ ಮಾಡುತ್ತಾನೆ. ನಾನು ಕತ್ತಲೆಯಿಂದಲೋ ಸಂಕಟದಿಂದಲೋ ಬಂದವನಲ್ಲ, ಬೆಳಕಿನಿಂದ, ಆನಂದದಿಂದ ಬಂದವನು, ನಿನ್ನ ಪ್ರೀತಿ ಅದಕ್ಕೆಲ್ಲ ಸರಿದೂಗಬೇಕು ಎನ್ನುತ್ತಾನೆ. ಎಲ್ಸಾ ಬೆಚ್ಚುವುದು ಅಲ್ಲಿ. ಅಷ್ಟು ದೊಡ್ಡದನ್ನು ಬಿಟ್ಟು ಬಂದವನು ನನ್ನಂಥವಳ ಬಳಿ ಎಷ್ಟು ದಿನ ಇರುತ್ತಾನೆ? ಇಂದಲ್ಲ ನಾಳೆ ಹಿಂದಕ್ಕೆ ಹೋಗದಿರುತ್ತಾನೆಯೇ? ಒಂದೊಂದು ದಿನವನ್ನೂ ಎಣಿಸುತ್ತ, ಹೋಗುವನೋ ಇರುವನೋ ಎಂಬ ದಿಗಿಲಿನಲ್ಲೇ ಬಾಳಬೇಕೇ? ಹಂಸ ಬರುತ್ತಿರುವುದು ಅವಳ ಕಣ್ಣಿಗೆ ಕಾಣತೊಡಗುತ್ತದೆ. ಬಾಯಿಬಿಟ್ಟು ಕೇಳುವುದು ಆ ದಿಗಿಲಿನಲ್ಲಿ. ಅದು ಬರಿಯ ಭ್ರಮೆಯೂ ಅಲ್ಲ. ಅವನು ಹೊರಟುಹೋಗಬಲ್ಲವನೇ ಆಗಿದ್ದ; ಮರುದಿನ ಬೆಳಗ್ಗೆ ಹೊರಟೂಬಿಟ್ಟ. ಆಕೆಗೆ ಹೊಳೆದದ್ದು ಸತ್ಯ.

ಈ ಇಡೀ ಒಪೆರಾದ ಮಹತ್ವದ ನಾಟಕ ಈ ದೃಶ್ಯವೇ. ಮಿಕ್ಕದ್ದರಲ್ಲಿ ಸಾಕಷ್ಟು ಮೆರವಣಿಗೆ, ಸಾಕಷ್ಟು ಕಹಳೆ. ಜಗತ್ತಿನಾದ್ಯಂತ ವಧು ಚರ್ಚಿನೊಳಗೆ ಬರುವಾಗ ನುಡಿಸುವ ಆ ಪ್ರಸಿದ್ಧ ಗೀತ ಇದೇ ದೃಶ್ಯದ ಬಾಗಿಲಲ್ಲಿ ನಿಂತಿದೆ. ಅದು ಮುಗಿದು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮದುವೆ ಮುರಿದು, ಕೋಣೆಗೆ ನುಗ್ಗಿದ ಟೆಲ್ರಾಮುಂಡನ ಹೆಣ ನೆಲದ ಮೇಲೆ ಬಿದ್ದಿರುತ್ತದೆ. ಮದುವೆಗೆ ಈ ರಾಗವನ್ನೇ ಆರಿಸುವವರ ಧೈರ್ಯ ದೊಡ್ಡದು.

ಷರತ್ತಿನ ಪರ ವಾದಿಸುವವರ ಬಲವಾದ ಅಸ್ತ್ರ ಗ್ರೇಲ್‌ನ ಕಟ್ಟಳೆ. ದೂರದ ನಾಡಿಗೆ ಹೋದ ಗ್ರೇಲ್‌ನ ಸೇವಕನ ಶಕ್ತಿ ಅವನ ಗುರುತು ತಿಳಿಯುವವರೆಗೆ ಮಾತ್ರ. ಅವನೇನು ಮಾಡಲಿ, ಪಾಪ ಎನ್ನುತ್ತಾರೆ. ಸರಿ, ಆ ಕಟ್ಟಳೆ ಎಲ್ಲಿಂದ ಬಂತು ನೋಡೋಣ. 1845ರ ಬೇಸಿಗೆಯಲ್ಲಿ ಆರೋಗ್ಯಕ್ಕೆಂದು ಮರೀನ್‌ಬಾಡ್‌ನ ಬುಗ್ಗೆಗಳ ಬಳಿ ತಂಗಿದ್ದ ವಾಗ್ನರ್ ಜೊತೆಗೆ ಒಯ್ದಿದ್ದ ಪುಸ್ತಕಗಳಲ್ಲಿ ವಾಲ್ಫ್ರಾಮ್ ಫಾನ್ ಎಷೆನ್‌ಬಾಖ್ ಹದಿಮೂರನೇ ಶತಮಾನದ ಆರಂಭದಲ್ಲಿ ಬರೆದ 'ಪಾರ್ಜಿವಾಲ್' ಮಹಾಕಾವ್ಯವೂ ಇತ್ತು. ಅದರ ತುದಿಯಲ್ಲಿ ಹಂಸವೀರನ ಕಥೆ ಕೆಲವೇ ಸಾಲುಗಳಲ್ಲಿ ಬರುತ್ತದೆ. ಲೋಹೆನ್‌ಗ್ರಿನ್ ಈ ಪಾರ್ಜಿವಾಲನ ಮಗ; ಒಪೆರಾದ ಕೊನೆಯಲ್ಲಿ ತಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಈ ತಂದೆ ಮಾಡಿದ ಪಾಪ ಯಾವುದು ಗೊತ್ತೇ? ಕೇಳದೆ ಇದ್ದದ್ದು!

ಹೆಚ್ಚು ಪ್ರಶ್ನೆ ಕೇಳಬೇಡ ಎಂದು ಗುರುವೊಬ್ಬ ಪಾರ್ಜಿವಾಲನಿಗೆ ಬುದ್ಧಿ ಹೇಳಿರುತ್ತಾನೆ. ಗ್ರೇಲ್‌ನ ಕೋಟೆಯಲ್ಲಿ ಆರದ ಗಾಯದಿಂದ ನರಳುತ್ತಿರುವ ದೊರೆ ಅನ್ಫೋರ್ಟಾಸ್‌ನನ್ನು ಕಣ್ಣಾರೆ ಕಂಡರೂ ಆ ಬುದ್ಧಿಮಾತು ನೆನಪಾಗಿ ಅವನು ಬಾಯಿ ಮುಚ್ಚಿ ಕೂರುತ್ತಾನೆ. ನಿನಗೇನು ನೋವು ಎಂದು ಒಂದು ಮಾತು ಕೇಳಿದ್ದರೆ ದೊರೆ ಗುಣವಾಗುತ್ತಿದ್ದ. ಕೇಳದ ತಪ್ಪಿಗೆ ಎಲ್ಲರ ಮುಂದೆ ಶಾಪ ತಿಂದು, ವರ್ಷಗಟ್ಟಲೆ ಅಲೆದು, ಕೊನೆಗೆ ಮರಳಿ ಬಂದು ಆ ಪ್ರಶ್ನೆ ಕೇಳಿದಾಗಲೇ ಅವನು ಗ್ರೇಲ್‌ನ ದೊರೆಯಾಗುವುದು. ಇಂಥ ಕಾವ್ಯದ ಬಾಲದಲ್ಲಿ 'ಕೇಳಬಾರದು' ಎಂಬ ಕಟ್ಟಳೆ ಹೇಗೆ ಬಂತು? ಅದಕ್ಕೂ ವಾಲ್ಫ್ರಾಮ್ ಕಾರಣ ಕೊಟ್ಟಿದ್ದಾನೆ. ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳದೆ ಅನ್ಫೋರ್ಟಾಸ್ ಅಷ್ಟು ಕಾಲ ನರಳಿದ್ದರಿಂದ ಗ್ರೇಲ್‌ನವರಿಗೆ ಪ್ರಶ್ನೆಯೆಂದರೇ ಬೇಸರ ಬಂದುಬಿಟ್ಟಿದೆಯಂತೆ. ದೈವವಿಧಿಯ ಬುಡದಲ್ಲಿರುವುದು ಒಂದು ಮುನಿಸು. ತಂದೆ ಕೇಳದೆ ಪಾಪಿಯಾದ, ಸೊಸೆ ಕೇಳಿ ಪಾಪಿಯಾದಳು. ಗ್ರೇಲ್ ಮನೆತನದ ಈ ಧರ್ಮಶಾಸ್ತ್ರಕ್ಕೆ ತಲೆಬಾಗಲು ನಾವೇಕೆ ಆತುರಪಡಬೇಕು?

ಹಳೆಯ ಕಥೆಯಿಂದ ವಾಗ್ನರ್ ಕಳೆದುಹಾಕಿದ ಇನ್ನೊಂದು ಸಂಗತಿ ಇದೆ. ವಾಲ್ಫ್ರಾಮ್‌ನ ಕಾವ್ಯದಲ್ಲಾಗಲಿ, ಗ್ರಿಮ್ ಸಹೋದರರು ಸಂಗ್ರಹಿಸಿದ ಜರ್ಮನ್ ಐತಿಹ್ಯಗಳಲ್ಲಾಗಲಿ ಗಂಡಹೆಂಡಿರು ಕೂಡಿ ಬಾಳುತ್ತಾರೆ, ಮಕ್ಕಳಾಗುತ್ತವೆ, ಆಮೇಲೆ ಪ್ರಶ್ನೆ ಬರುತ್ತದೆ. ಗ್ರಿಮ್‌ರ ಕಥೆಯಲ್ಲಿ ಕ್ಲೀವ್ಸ್‌ನ ಡಚೆಸ್ ಒಬ್ಬಳು ಈ ವೀರನ ಕುಲಗೋತ್ರ ಯಾರಿಗೂ ಗೊತ್ತಿಲ್ಲವೆಂದು ಚುಚ್ಚಿ ಮಾತಾಡಿದ ಮೇಲೆ ಎಲ್ಸಾ ರಾತ್ರಿಗಳನ್ನು ಅಳುತ್ತ ಕಳೆದು ಕೇಳುತ್ತಾಳೆ. ಊಳಿಗಮಾನ್ಯದ ಆ ಲೋಕದಲ್ಲಿ ಗಂಡನ ಹೆಸರೆಂದರೆ ಮಕ್ಕಳ ಹಕ್ಕು, ನೆಲ, ಸ್ಥಾನ, ಮದುವೆ ಸಂಬಂಧ ಎಲ್ಲವೂ. ಮಕ್ಕಳ ತಾಯಿ ಕೇಳುವ ಆ ಪ್ರಶ್ನೆಯನ್ನು ವಾಗ್ನರ್ ಮದುವೆಯ ಮೊದಲ ರಾತ್ರಿಗೆ ಎಳೆದು ತಂದ. ರಂಗದ ಮೇಲೆ ಬಿಗಿ ಹೆಚ್ಚಿತು, ಒಪ್ಪುತ್ತೇನೆ. ಆದರೆ ಮಕ್ಕಳು ಮಾಯವಾಗಿ, ವರ್ಷಗಳ ಬಾಳು ಮಾಯವಾಗಿ, ಒಂದು ರಾತ್ರಿಯೂ ತಾಳದವಳು ಎಂಬ ಅಪವಾದ ಆ ಹುಡುಗಿಯ ತಲೆಗೆ ಬಂತು.

ನಮ್ಮ ಓದುಗರಿಗೆ ಇಲ್ಲಿ ಶಂತನು ನೆನಪಾಗದಿರಲಾರ. ನಾನೇನು ಮಾಡಿದರೂ ಕೇಳಬೇಡ ಎಂದು ಗಂಗೆ ಷರತ್ತು ಹಾಕಿದಳು. ಏಳು ಕೂಸುಗಳು ನೀರು ಪಾಲಾಗುವ ತನಕ ಆತ ತಡೆದುಕೊಂಡ, ಎಂಟನೆಯದಕ್ಕೆ ತಡೆದು ಕೇಳಿದ. ಮಾತು ಮುರಿಯಿತು, ಗಂಗೆ ಹೋದಳು, ಭೀಷ್ಮ ಉಳಿದ. ಶಂತನುವಿಗೆ ನಂಬಿಕೆ ಸಾಲದಾಯಿತು ಎಂದು ಯಾರಾದರೂ ಬೈದದ್ದನ್ನು ಕೇಳಿದ್ದೀರಾ? ಬೇಗ ಕೇಳಬಾರದಿತ್ತೇ ಎಂದೇ ನಾವು ಮರುಗುತ್ತೇವೆ. ಕೇಳಿದವನು ಗಂಡಸಾದರೆ ಅದು ತಂದೆಯ ಕರುಳು, ಕೇಳಿದವಳು ಹೆಂಗಸಾದರೆ ಅದು ಕುತೂಹಲ! ಈವ್, ಪಂಡೋರಾ, ಸೈಕಿ ಎಂದು ಯುರೋಪ್ ಹೊಲಿದಿಟ್ಟ ಅಂಗಿಯನ್ನೇ ಎಲ್ಸಾಳಿಗೂ ತೊಡಿಸಿದ್ದಾರೆ.

'ಕವಿಯ ಉದ್ದೇಶವೇ ಅದು' ಎನ್ನುವವರಿಗೆ ಕವಿಯೇ ಅಡ್ಡ ನಿಂತಿದ್ದಾನೆ. 1851ರಲ್ಲಿ ತನ್ನ ಗೆಳೆಯರಿಗೆಂದು ಬರೆದ ದೀರ್ಘ ಪ್ರಬಂಧದಲ್ಲಿ ವಾಗ್ನರ್, ಲೋಹೆನ್‌ಗ್ರಿನ್‌ನ ಒಂಟಿತನವನ್ನು ಕಲಾವಿದನ ಒಂಟಿತನವಾಗಿ ಕಂಡು ಮರುಗುವುದೇನೋ ಹೌದು. ಯಾರೆಂದು ಕೇಳದೆ ಪ್ರೀತಿಸುವವಳು ಅವನಿಗೆ ಬೇಕಿತ್ತು ಎನ್ನುತ್ತಾನೆ. ಆದರೆ ಎಲ್ಸಾಳ ವಿಷಯಕ್ಕೆ ಬಂದಾಗ ಅವಳ ಆ ಸ್ಫೋಟ ನ್ಯಾಯವಾದದ್ದೇ ಎಂದು ಒಪ್ಪುತ್ತಾನೆ. ಪ್ರೀತಿಯೆಂದರೇನೆಂದು ತನಗೆ ಅರ್ಥವಾದದ್ದು ಅವಳಿಂದ, ತನ್ನನ್ನು ಪೂರ್ಣ ಕ್ರಾಂತಿಕಾರಿಯಾಗಿಸಿದವಳು ಅವಳು ಎಂದೂ ಬರೆಯುತ್ತಾನೆ. ಕ್ರಾಂತಿ ಎಂಬುದು ಅವನ ಬಾಯಲ್ಲಿ ಬರಿಮಾತಾಗಿರಲಿಲ್ಲ. 1849ರ ಡ್ರೆಸ್ಡೆನ್ ಬಂಡಾಯದಲ್ಲಿ ಸೇರಿ, ಬಂಧನದ ವಾರಂಟು ಬೆನ್ನಿಗೆ ಬಿದ್ದು, ಬೇರೊಬ್ಬನ ಹೆಸರಿನ ಪಾಸ್‌ಪೋರ್ಟ್ ಹಿಡಿದು ಸ್ವಿಟ್ಜರ್ಲೆಂಡಿಗೆ ಓಡಿದ್ದವನು ಅವನು. 1850ರ ಆಗಸ್ಟ್ 28ರಂದು ವೈಮಾರ್‌ನಲ್ಲಿ ಸಂಗೀತಗಾರ ಲಿಸ್ಟ್ ಈ ಒಪೆರಾವನ್ನು ಮೊದಲ ಬಾರಿ ನಡೆಸಿದಾಗ ಕರ್ತೃ ಗಡಿಯಾಚೆ ಇದ್ದ. ತನ್ನ ಕೃತಿಯನ್ನು ಪೂರ್ಣವಾಗಿ ಕೇಳುವ ಅವಕಾಶ ಸಿಕ್ಕಿದ್ದು 1861ರಲ್ಲಿ, ವಿಯೆನ್ನಾದಲ್ಲಿ.

ಕರ್ತೃವಿನ ಗದ್ಯ ಬೇಡವೆಂದರೆ ಅವನ ಸಂಗೀತ ಕೇಳಿ. ಗ್ರೇಲ್‌ಗೆ ಅವನು ಕೊಟ್ಟದ್ದು ಎ ಮೇಜರ್; ಹಲವು ಪಾಲಾಗಿ ಒಡೆದ ಪಿಟೀಲುಗಳು ಅತಿ ಮೇಲಿನ ಸ್ವರಗಳಲ್ಲಿ ತೆಳ್ಳಗೆ ಹೊಳೆಯುತ್ತ ತೆರೆಯುವ ಆ ಪೀಠಿಕೆ. 'ಕೇಳಬೇಡ' ಎಂಬ ಆಜ್ಞೆ ಗ್ರೇಲ್‌ನ ಪವಿತ್ರ ವಿಧಿಯಾಗಿದ್ದರೆ ಅದು ಈ ಬೆಳಕಿನಲ್ಲಿ ಬರಬೇಕಿತ್ತು. ಬರುವುದು ಮೈನರ್‌ನಲ್ಲಿ, ಕಪ್ಪಾಗಿ, ಎಚ್ಚರಿಕೆಯ ಹಾಗೆ. ಎರಡನೇ ಅಂಕದಲ್ಲಿ ಟೆಲ್ರಾಮುಂಡನ ಹೆಂಡತಿ ಓರ್ಟ್ರೂಡ್ ಕತ್ತಲಲ್ಲಿ ಸಂಚು ಹೂಡುವಾಗ ವಾದ್ಯಗಳಲ್ಲಿ ಸುಳಿಯುವುದೂ ಅದೇ ಸ್ವರಗುಚ್ಛ. ಆ ಅಂಕದ ಕೊನೆಯಲ್ಲಿ ದಂಪತಿ ಚರ್ಚಿನ ಬಾಗಿಲು ದಾಟುವಾಗ ಎಲ್ಸಾ ತಿರುಗಿ ನೋಡುತ್ತಾಳೆ, ಓರ್ಟ್ರೂಡ್ ಕೈಯೆತ್ತಿ ನಿಂತಿದ್ದಾಳೆ, ಹಬ್ಬದ ಸಂಭ್ರಮವನ್ನು ಸೀಳಿಕೊಂಡು ಹಿತ್ತಾಳೆ ವಾದ್ಯಗಳು ಆ ನಿಷೇಧವನ್ನು ಮೊಳಗುತ್ತವೆ. ಕಥೆಯ ಕೆಡುಕಿ ಯಾವ ಸ್ವರಲೋಕದವಳೋ ವೀರನ ಷರತ್ತೂ ಆ ಲೋಕದ್ದೇ. ಅದನ್ನು ಬರೆದವನು ಕಿವುಡನಲ್ಲ.

ಓರ್ಟ್ರೂಡ್‌ಳನ್ನು ನಾನು ಸಮರ್ಥಿಸುತ್ತಿಲ್ಲ. ಗಾಟ್‌ಫ್ರೀಡ್‌ನನ್ನು ಹಂಸವಾಗಿಸಿದವಳು ಅವಳು. ಆದರೆ ಕೆಟ್ಟವರ ಬಾಯಲ್ಲಿ ಬಂದ ಮಾತ್ರಕ್ಕೆ ಪ್ರಶ್ನೆ ಕೆಟ್ಟದ್ದಾಗುವುದಿಲ್ಲ. ಚರ್ಚಿನ ಮುಂದೆ ಟೆಲ್ರಾಮುಂಡ್ ಹೆಸರು ಹೇಳೆಂದು ಸವಾಲು ಹಾಕಿದಾಗ ವೀರ ಕೊಡುವ ಉತ್ತರವಂತೂ ಅವನ ಪರ ವಕೀಲರ ಬಾಯಿಯನ್ನೇ ಮುಚ್ಚಿಸಬೇಕು: ದೊರೆಗೂ ನಾನು ಉತ್ತರಿಸಬೇಕಿಲ್ಲ, ಉತ್ತರಿಸಬೇಕಾದದ್ದು ಒಬ್ಬಳಿಗೆ ಮಾತ್ರ, ಎಲ್ಸಾಳಿಗೆ. ನೂರಾರು ಜನರೆದುರು ಅವಳ ಹಕ್ಕನ್ನು ತಾನೇ ಸಾರಿದವನು, ಆ ಹಕ್ಕನ್ನು ಅವಳು ರಾತ್ರಿ ಕೋಣೆಯೊಳಗೆ ಬಳಸಿದರೆ ಬೆಳಗ್ಗೆ ಸೈನ್ಯವನ್ನೆಲ್ಲ ಕೂಡಿಸಿ, ಹೆಂಡತಿ ದ್ರೋಹ ಮಾಡಿದಳೆಂದು ದೂರು ಕೊಡುತ್ತಾನೆ. ಅವಳು ಕಿವಿಯಲ್ಲಿ ಹೇಳೆಂದು ಕೇಳಿದ್ದನ್ನು ಬಯಲಲ್ಲಿ ದಂಡನೆಯ ಹಾಗೆ ಘೋಷಿಸುತ್ತಾನೆ. ಗ್ರೇಲ್‌ನ ಕಥೆ ಹೇಳುವ ಆ ಹಾಡು ಎಷ್ಟು ಮೋಹಕವೆಂದರೆ, ಎದುರಿಗೆ ಒಬ್ಬಳನ್ನು ಬಹಿರಂಗವಾಗಿ ಕುಗ್ಗಿಸಲಾಗುತ್ತಿದೆ ಎಂಬುದೇ ನಮಗೆ ಮರೆತುಹೋಗುತ್ತದೆ.

ಇನ್ನೊಂದು ಮೌನದ ಬಗ್ಗೆಯೂ ಹೇಳಬೇಕು, ಬ್ರಾಬಾಂಟಿನ ಜನರ ಮೌನ. ಹೆಸರು ತಿಳಿಯದವನನ್ನು ಅವರು ನಾಡಿನ ರಕ್ಷಕನೆಂದು ಒಪ್ಪುತ್ತಾರೆ, ಅವನ ಹಿಂದೆ ಯುದ್ಧಕ್ಕೆ ಹೊರಡಲು ಸಾಲು ನಿಲ್ಲುತ್ತಾರೆ. ನಮಗೇನೂ ಮಾಡದ ಶತ್ರುವಿನ ಮೇಲೆ ದೂರದ ಯುದ್ಧವೇಕೆ ಎಂದು ಗೊಣಗುವವರು ನಾಲ್ವರೇ ಸಾಮಂತರು, ಅದೂ ಮೆಲ್ಲಗೆ. ಈ ಜನರ ಭಕ್ತಿಯನ್ನು ಹೊಗಳಿ ಎಲ್ಸಾಳ ಪ್ರಶ್ನೆಯನ್ನು ಹಳಿಯುವ ಓದು ಎಲ್ಲಿಗೆ ಮುಟ್ಟುತ್ತದೆಂದು ಜರ್ಮನ್ ಕಾದಂಬರಿಕಾರ ಹೈನ್ರಿಖ್ ಮಾನ್‌ಗೆ ಮೊದಲೇ ಗೊತ್ತಿತ್ತು. 1918ರಲ್ಲಿ ಪುಸ್ತಕವಾಗಿ ಬಂದ ಅವನ 'ಡೇರ್ ಉಂಟರ್‌ಟಾನ್' ಕಾದಂಬರಿಯ ನಾಯಕ, ದೊರೆಯ ಪಾದಧೂಳಿಗಾಗಿ ಹಾತೊರೆಯುವ ಗುಲಾಮ ಮನಸ್ಸಿನವನು, 'ಲೋಹೆನ್‌ಗ್ರಿನ್' ನೋಡಿ ಪುಳಕಗೊಳ್ಳುತ್ತಾನೆ. ಹೈನ್ರಿಖ್ ದೊರೆ ಸತ್ತು ಸಾವಿರ ವರ್ಷವಾಯಿತೆಂದು 1936ರಲ್ಲಿ ನಾಜಿ ಆಡಳಿತ ಉತ್ಸವ ಮಾಡಿದಾಗ ವಾಗ್ನರನೇ ಕಟ್ಟಿಸಿದ ಬೈರಾಯ್ಟ್ ರಂಗದಲ್ಲಿ ಹೊಸದಾಗಿ ಮೆರೆದದ್ದೂ ಇದೇ ಒಪೆರಾ. 1940ರ 'ದಿ ಗ್ರೇಟ್ ಡಿಕ್ಟೇಟರ್'ನಲ್ಲಿ ಸರ್ವಾಧಿಕಾರಿ ಭೂಗೋಳದ ಬಲೂನಿನೊಂದಿಗೆ ಕುಣಿಯುವಾಗ ಚಾಪ್ಲಿನ್ ಹಾಕಿದ್ದು ಆ ಗ್ರೇಲ್‌ನ ಪೀಠಿಕೆಯನ್ನೇ. ಇದಕ್ಕೆಲ್ಲ ವಾಗ್ನರನ ಸ್ವರಗಳೇ ಹೊಣೆ ಎನ್ನುವುದು ಒರಟು ಮಾತಾದೀತು. ಪ್ರಶ್ನೆ ಕೇಳುವುದೇ ಪಾಪ ಎಂದು ಕಲಿಸುವ ವ್ಯಾಖ್ಯಾನಕ್ಕೆ ಮಾತ್ರ ಹೊಣೆ ತಪ್ಪದು.

ರಂಗಭೂಮಿಯವರು ವಿಮರ್ಶಕರಿಗಿಂತ ಮುಂದಿದ್ದಾರೆ. 1998ರಲ್ಲಿ ಹ್ಯಾಂಬರ್ಗ್‌ನಲ್ಲಿ ಪೀಟರ್ ಕಾನ್ವಿಚ್ನಿ ಇಡೀ ನಾಡನ್ನು ಶಾಲೆಯ ತರಗತಿಯಾಗಿಸಿ, ಮಕ್ಕಳ ನಡುವೆ ಬಂದ ಏಕೈಕ ವಯಸ್ಕನಾಗಿ ಲೋಹೆನ್‌ಗ್ರಿನ್‌ನನ್ನು ನಿಲ್ಲಿಸಿದ. 2010ರಲ್ಲಿ ಬೈರಾಯ್ಟ್‌ನಲ್ಲೇ ಹಾನ್ಸ್ ನಾಯೆನ್‌ಫೆಲ್ಸ್ ಬ್ರಾಬಾಂಟಿನ ಜನರಿಗೆ ಪ್ರಯೋಗಾಲಯದ ಇಲಿಗಳ ವೇಷ ಹಾಕಿಸಿದ. 2018ರಲ್ಲಿ ಯುವಾಲ್ ಶರೋನ್ ಅದೇ ರಂಗದಲ್ಲಿ ಎಲ್ಸಾಳ ಪ್ರಶ್ನೆಯನ್ನು ಬಿಡುಗಡೆಯ ಹೆಜ್ಜೆಯಾಗಿ ತೋರಿಸಿದ. ಮೂರೂ ಪ್ರಯೋಗಗಳ ಎಲ್ಲ ಚಮತ್ಕಾರಗಳೂ ನನಗೆ ಒಪ್ಪಿಗೆಯೇನಲ್ಲ. ಇಲಿಬಾಲಗಳ ನಡುವೆ ಹಾಡು ಕೇಳುವುದು ಕಷ್ಟ. ಆದರೆ ಆ ನಿರ್ದೇಶಕರು ಪದ್ಯವನ್ನು ಓದಿದ್ದರು, ಪರಿಚಯ ಪುಸ್ತಿಕೆಗಳು ಇನ್ನೂ ಹಳೆಯ ತೀರ್ಪನ್ನೇ ಅಚ್ಚು ಹಾಕುತ್ತಿವೆ.

ಈ ಒಪೆರಾ ನೋಡಲು ಹೊರಟವರಲ್ಲಿ, ಮನೆಯಲ್ಲೇ ಧ್ವನಿಮುದ್ರಿಕೆ ಕೇಳುವವರಲ್ಲಿ ಒಂದು ವಿನಂತಿ. ಕಥಾಸಾರವನ್ನು ಪಕ್ಕಕ್ಕಿಡಿ. ಮೂರನೇ ಅಂಕದ ಎರಡನೇ ದೃಶ್ಯದ ಪದ್ಯವನ್ನು ಅನುವಾದದಲ್ಲಾದರೂ ಮೊದಲು ಓದಿಕೊಳ್ಳಿ, ಅವನು ಹಾಡುವಾಗ ಅವಳ ಸಾಲುಗಳ ಮೇಲೆ ಬೆರಳಿಟ್ಟಿರಿ. ಆಮೇಲೂ ತಪ್ಪು ಅವಳದೇ ಅನಿಸಿದರೆ, ಯಾವ ತಪ್ಪು ಎಂದು ಬಿಡಿಸಿ ಹೇಳಿ.